ಸಹಪಾಠಿಗಳ ಸಹನಡಿಗೆ

ಊರಿನ ಹೈಸ್ಕೂಲಿನಲ್ಲಿ ಗುರುವಂದನೆ. ಇಪ್ಪತ್ತೈದು ವರ್ಷಗಳ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿದವರು ಒಂದು ಭಾನುವಾರ ಒಟ್ಟು ಸೇರುತ್ತಾರೆ. ನಿವೃತ್ತರಾದ ಮೇಷ್ಟ್ರಿಗೆ ಶಾಲು ಹೊದಿಸಿ, ಹಾರ ಹಾಕಿ, ಕಾಲಿಗೆ ನಮಸ್ಕರಿಸುತ್ತಾರೆ. ಹಾಜರಿ ಪುಸ್ತಕದ ಕ್ರಮದಲ್ಲೇ ಹೆಸರು ಕೂಗುವ ತಮಾಷೆಯೂ ನಡೆಯುತ್ತದೆ. ಹೆಸರು ಕೂಗುತ್ತ ಹೋದಂತೆ ಒಂದೆಡೆ ಉತ್ತರ ಬರುವುದಿಲ್ಲ. ಪಕ್ಕದ ಬೆಂಚಿನವರು ತಗ್ಗಿದ ದನಿಯಲ್ಲಿ, ‘ಹೋದ ವರ್ಷವೇ ಹೋದಳಂತೆ, ಆ ಕಾಯಿಲೆಯಂತೆ’ ಎನ್ನುತ್ತಾರೆ. ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ನಿಮಿಷ ಮೌನ ಆಚರಿಸಿ ಎಲ್ಲರೂ ಊಟಕ್ಕೆ ಏಳುತ್ತಾರೆ.

ಆ ಒಂದು ನಿಮಿಷದ ಮೌನ ಮುಗಿದ ಮೇಲೆ ಏನು? ಈ ಪ್ರಶ್ನೆಗೆ ಜಗತ್ತಿನ ಹಲವು ಊರುಗಳಲ್ಲಿ ಹಳೆಯ ಸಹಪಾಠಿಗಳು ಕಂಡುಕೊಂಡಿರುವ ಉತ್ತರ ನಡಿಗೆ. ಒಂದೇ ಬಣ್ಣದ ಅಂಗಿ ತೊಟ್ಟು, ಅಗಲಿದ ಅಥವಾ ಚಿಕಿತ್ಸೆಯಲ್ಲಿರುವ ಗೆಳೆಯರ ಹೆಸರು ಬರೆದುಕೊಂಡು, ಹತ್ತಾರು ಮಂದಿ ಕೆಲವು ಕಿಲೋಮೀಟರ್ ನಡೆಯುತ್ತಾರೆ. ನಡೆಯುವ ಮೊದಲು ಪರಿಚಿತರಿಂದ ದೇಣಿಗೆಯ ಮಾತು ಪಡೆದಿರುತ್ತಾರೆ. ಕೂಡಿದ ಹಣ ಕ್ಯಾನ್ಸರ್ ಸಂಶೋಧನೆಗೋ ರೋಗಿಗಳ ನೆರವಿಗೋ ಹೋಗುತ್ತದೆ. ಹಣ ಬೇಕಿದ್ದರೆ ನೇರವಾಗಿ ಕೊಡಬಹುದಲ್ಲ, ನಡೆಯುವುದೇಕೆ? ಅದರಲ್ಲೂ ಸಹಪಾಠಿಗಳೇ ಏಕೆ? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹರಕೆಯಿಂದ ದೇಣಿಗೆಗೆ

ನಡೆಯುವುದಕ್ಕೆ ಅರ್ಥ ಹಚ್ಚುವುದು ನಮಗೆ ಹೊಸದೇನಲ್ಲ. ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ರಸ್ತೆಗಳಲ್ಲಿ ಶ್ರೀಶೈಲಕ್ಕೆ ನಡೆದು ಹೋಗುವವರ ಸಾಲು ಕಾಣುತ್ತದೆ. ಶಿವರಾತ್ರಿಯ ಹೊತ್ತಿಗೆ ಧರ್ಮಸ್ಥಳದ ದಾರಿಯಲ್ಲೂ ಹಾಗೆಯೇ. ಮನೆಯವರ ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತು ನಡೆಯುವವರು ಅವರಲ್ಲಿದ್ದಾರೆ. ದಾರಿಯ ಊರಿನವರು ನೀರು, ಮಜ್ಜಿಗೆ, ಊಟ ಕೊಟ್ಟು ಪುಣ್ಯದಲ್ಲಿ ಪಾಲು ಪಡೆಯುತ್ತಾರೆ. ಒಬ್ಬರು ನಡೆಯುತ್ತಾರೆ, ಇನ್ನೊಬ್ಬರು ಕೊಡುತ್ತಾರೆ. ಇಬ್ಬರೂ ಒಂದೇ ಕೆಲಸದಲ್ಲಿ ಭಾಗಿಗಳು. 1930ರ ದಂಡಿ ಯಾತ್ರೆ ಈ ನಡಿಗೆಗೆ ರಾಜಕೀಯ ಶಕ್ತಿ ತುಂಬಿತು. ಗಾಂಧೀಜಿಯವರೊಂದಿಗೆ ಹೊರಟ ತಂಡದಲ್ಲಿ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ ಇದ್ದರು. 1951ರಲ್ಲಿ ವಿನೋಬಾ ಭಾವೆ ಪೋಚಂಪಲ್ಲಿಯಿಂದ ಭೂದಾನದ ಪಾದಯಾತ್ರೆ ಆರಂಭಿಸಿದರು. ನಡೆಯುವವನು ಕೇಳಿದರೆ ಕೊಡುವ ಕೈ ಮುಂದೆ ಬರುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಪಶ್ಚಿಮದ ದೇಶಗಳಲ್ಲಿ ಈ ಭಾವನೆಗೆ ಲೆಕ್ಕದ ರೂಪ ಬಂದದ್ದು 1960ರ ದಶಕದಲ್ಲಿ. ಕೆನಡಾ ತನ್ನ ಒಕ್ಕೂಟದ ಶತಮಾನೋತ್ಸವ ಆಚರಿಸಿದ 1967ರಲ್ಲಿ ಅಲ್ಲಿ ‘ಮೈಲ್ಸ್ ಫಾರ್ ಮಿಲಿಯನ್ಸ್’ ಎಂಬ ನಡಿಗೆಗಳು ಶುರುವಾದವು. ಶಾಲಾ ಮಕ್ಕಳು ಒಂದು ಹಾಳೆ ಹಿಡಿದು ಮನೆ ಮನೆಗೆ ಹೋಗುತ್ತಿದ್ದರು. ‘ನಾನು ನಡೆದ ಪ್ರತಿ ಮೈಲಿಗೆ ನೀವೆಷ್ಟು ಕೊಡುತ್ತೀರಿ?’ ಎಂದು ಕೇಳಿ ಬರೆಸಿಕೊಳ್ಳುತ್ತಿದ್ದರು. ನಡೆದು ಮುಗಿಸಿದ ಮೇಲೆ ಆ ಲೆಕ್ಕದಂತೆ ಹಣ ವಸೂಲಿ. ಬಡ ದೇಶಗಳ ಹಸಿವು ನೀಗಿಸಲು ಆ ಹಣ ಹೋಗುತ್ತಿತ್ತು. ಇಂದಿನ ಕ್ಯಾನ್ಸರ್ ನಡಿಗೆಗಳ ದೇಣಿಗೆ ಪಟ್ಟಿಯ ಮೂಲ ಇಂಥ ಹಾಳೆಗಳಲ್ಲಿದೆ.

ಟೆರಿ ಮತ್ತು ಡಗ್

ಕ್ಯಾನ್ಸರಿಗೂ ಈ ಬಗೆಯ ನಡಿಗೆಗೂ ಬಿಡಿಸಲಾಗದ ನಂಟು ಬೆಸೆದವನು ಕೆನಡಾದ ಟೆರಿ ಫಾಕ್ಸ್. ಅವನ ಹೆಸರು ಜಗತ್ತಿಗೆಲ್ಲ ಗೊತ್ತು. ಅವನ ಸಹಪಾಠಿ ಡಗ್ ಆಲ್ವರ್ಡ್ ಹೆಸರು ಅಷ್ಟು ಜನಕ್ಕೆ ಗೊತ್ತಿಲ್ಲ.

ಬ್ರಿಟಿಷ್ ಕೊಲಂಬಿಯಾದ ಪೋರ್ಟ್ ಕೊಕ್ವಿಟ್ಲಮ್ ಎಂಬ ಊರಿನ ಶಾಲೆಯಲ್ಲಿ ಇಬ್ಬರೂ ಒಟ್ಟಿಗೆ ಓದಿದವರು. ಟೆರಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು, ಆದರೆ ಕುಳ್ಳ. ಎಂಟನೇ ತರಗತಿಯಲ್ಲಿ ಇಡೀ ಋತುವಿನಲ್ಲಿ ಅವನಿಗೆ ಆಡಲು ಸಿಕ್ಕಿದ್ದು ಒಂದೇ ನಿಮಿಷ. ಡಗ್ ಮಾತು ಕಡಿಮೆಯ, ದೂರದ ಓಟದಲ್ಲಿ ಚುರುಕಾದ ಹುಡುಗ. ಇಬ್ಬರೂ ಜೊತೆಯಲ್ಲೇ ಅಭ್ಯಾಸ ಮಾಡಿದರು. ಹನ್ನೆರಡನೇ ತರಗತಿ ಮುಗಿಯುವಾಗ ಶಾಲೆಯ ವರ್ಷದ ಕ್ರೀಡಾಪಟು ಪ್ರಶಸ್ತಿಯನ್ನು ಇಬ್ಬರಿಗೂ ಹಂಚಿ ಕೊಡಲಾಯಿತು.

1977ರ ಮಾರ್ಚ್‌ನಲ್ಲಿ ಟೆರಿಯ ಬಲಗಾಲಿನಲ್ಲಿ ಮೂಳೆ ಕ್ಯಾನ್ಸರ್ ಇರುವುದು ಗೊತ್ತಾಯಿತು. ಮೊಣಕಾಲಿನ ಮೇಲಕ್ಕೆ ಕಾಲನ್ನು ಕತ್ತರಿಸಬೇಕಾಯಿತು. ಆಗ ಅವನಿಗೆ ಹದಿನೆಂಟು ವರ್ಷ. ಉಳಿಯುವ ಸಾಧ್ಯತೆ ನೂರಕ್ಕೆ ಐವತ್ತು ಎಂದು ವೈದ್ಯರು ಹೇಳಿದರು. ಎರಡೇ ವರ್ಷದ ಹಿಂದೆ ಆಗಿದ್ದರೆ ಅದು ನೂರಕ್ಕೆ ಹದಿನೈದು ಇರುತ್ತಿತ್ತು ಎಂದೂ ತಿಳಿಸಿದರು. ಹದಿನೈದು ಐವತ್ತಾದದ್ದು ಸಂಶೋಧನೆಯಿಂದ, ಸಂಶೋಧನೆ ನಡೆಯುವುದು ಹಣದಿಂದ. ಈ ಸರಳ ಲೆಕ್ಕ ಹುಡುಗನ ತಲೆಯಲ್ಲಿ ಕೂತಿತು. ಆಸ್ಪತ್ರೆಯ ಮಕ್ಕಳ ನೋವನ್ನೂ ಅವನು ಕಂಡಿದ್ದ. ಕೃತಕ ಕಾಲಿನಲ್ಲೇ ಕೆನಡಾವನ್ನು ಒಂದು ಸಾಗರದಿಂದ ಇನ್ನೊಂದು ಸಾಗರದವರೆಗೆ ಓಡಿ ಸಂಶೋಧನೆಗೆ ಹಣ ಎತ್ತಬೇಕೆಂದು ನಿಶ್ಚಯಿಸಿದ.

1980ರ ಏಪ್ರಿಲ್ 12ರಂದು ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್‌ನಲ್ಲಿ ಅಟ್ಲಾಂಟಿಕ್ ನೀರಿಗೆ ಕೃತಕ ಕಾಲನ್ನು ಅದ್ದಿ ಅವನು ಓಟ ಶುರು ಮಾಡಿದಾಗ, ವ್ಯಾನ್ ಓಡಿಸಲು ಬಂದವನು ಡಗ್. ದಿನವೂ ಸುಮಾರು 42 ಕಿಲೋಮೀಟರ್, ಅಂದರೆ ಒಂದು ಪೂರ್ಣ ಮ್ಯಾರಥಾನಿನಷ್ಟು ಓಟ. ಡಗ್ ಒಂದೊಂದು ಮೈಲಿ ಮುಂದೆ ಹೋಗಿ ವ್ಯಾನ್ ನಿಲ್ಲಿಸಿ ನೀರು ಹಿಡಿದು ಕಾಯುತ್ತಿದ್ದ. ಅಡುಗೆ, ಮಲಗುವುದು ಎಲ್ಲ ಅದೇ ವ್ಯಾನಿನಲ್ಲಿ. ಆರಂಭದ ವಾರಗಳಲ್ಲಿ ಹಲವು ಊರುಗಳಲ್ಲಿ ಕೇಳುವವರೇ ಇರಲಿಲ್ಲ. ಚಳಿ, ಗಾಳಿ, ಹಿಮ, ದಣಿವು. ಗೆಳೆಯರಲ್ಲಿ ಜಗಳವಾಗಿ ಮಾತು ನಿಂತಿತು. ಟೆರಿಯ ತಂದೆ ತಾಯಿ ನೋವಾ ಸ್ಕೋಷಿಯಾಕ್ಕೆ ಬಂದು ಇಬ್ಬರನ್ನೂ ಸಮಾಧಾನಪಡಿಸಬೇಕಾಯಿತು. ಆಮೇಲೆ ತಮ್ಮ ಡ್ಯಾರೆಲ್ ಜೊತೆಗೂಡಿದ. ಜಗಳವಾಡಿದರೂ ಡಗ್ ವ್ಯಾನ್ ಬಿಟ್ಟು ಹೋಗಲಿಲ್ಲ. ಹಳೆಯ ಸ್ನೇಹವೆಂದರೆ ಬಹುಶಃ ಇಷ್ಟೇ.

ಒಂಟಾರಿಯೊ ತಲುಪುವ ಹೊತ್ತಿಗೆ ರಸ್ತೆಯ ಎರಡೂ ಬದಿಗೆ ಜನ ಕಿಕ್ಕಿರಿಯತೊಡಗಿದರು. ಆದರೆ ಸೆಪ್ಟೆಂಬರ್ 1ರಂದು ಥಂಡರ್ ಬೇ ಬಳಿ ಟೆರಿಗೆ ಉಸಿರು ಕಟ್ಟಿ ಕೆಮ್ಮು ಬಂತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ್ದ ಅವನು ಅಲ್ಲಿಗೆ ನಿಂತ. ಪ್ರತಿ ಕೆನಡಿಯನ್ ಒಂದು ಡಾಲರ್ ಕೊಡಬೇಕೆಂಬುದು ಅವನ ಆಸೆಯಾಗಿತ್ತು. 1981ರ ಫೆಬ್ರುವರಿ 1ರ ಹೊತ್ತಿಗೆ 2.4 ಕೋಟಿ ಡಾಲರ್ ದಾಟಿ ಆ ಆಸೆ ಈಡೇರಿತು. ಅದೇ ವರ್ಷ ಜೂನ್ 28ರಂದು, ಇಪ್ಪತ್ತೆರಡನೇ ವಯಸ್ಸಿನಲ್ಲಿ ಟೆರಿ ತೀರಿಕೊಂಡ.

1981ರ ಸೆಪ್ಟೆಂಬರ್‌ನಲ್ಲಿ ಮೊದಲ ಟೆರಿ ಫಾಕ್ಸ್ ಓಟ ನಡೆಯಿತು. ಸುಮಾರು ಮೂರು ಲಕ್ಷ ಜನ ಪಾಲ್ಗೊಂಡರು. ಓಟವೆಂದು ಹೆಸರಷ್ಟೆ, ನಡೆಯುವವರೂ ಬಹಳ. ಅದರಲ್ಲಿ ಸ್ಪರ್ಧೆಯಿಲ್ಲ, ಗೆದ್ದವರೆಂದು ಬಹುಮಾನವಿಲ್ಲ, ಕಂಪನಿಗಳ ಜಾಹೀರಾತಿಗೆ ಎಡೆಯಿಲ್ಲ. ಟೆರಿಯೇ ಬಯಸಿದ್ದ ಕಟ್ಟುಪಾಡು ಅದು. ಅಂದಿನಿಂದ ಅವನ ಹೆಸರಿನಲ್ಲಿ ಕೂಡಿದ ಹಣ 85 ಕೋಟಿ ಡಾಲರ್ ಮೀರಿದೆ. ಅವನೂ ಡಗ್‌ನೂ ಓದಿದ ಪ್ರೌಢಶಾಲೆಗೆ 1986ರಲ್ಲಿ ಟೆರಿಯ ಹೆಸರನ್ನೇ ಇಡಲಾಯಿತು.

ಅರ್ಧ ಗಂಟೆಯ ಜೊತೆ

ಅಮೆರಿಕದ ಟಕೋಮಾದಲ್ಲಿ ಗಾರ್ಡಿ ಕ್ಲಾಟ್ ಎಂಬ ಶಸ್ತ್ರವೈದ್ಯರಿದ್ದರು. 1985ರ ಮೇ ತಿಂಗಳಲ್ಲಿ ಒಂದು ಕ್ರೀಡಾಂಗಣವನ್ನು ಅವರು ಇಪ್ಪತ್ನಾಲ್ಕು ಗಂಟೆ ಸುತ್ತಿದರು, ಸುಮಾರು 83 ಮೈಲಿ. ಸ್ನೇಹಿತರು 25 ಡಾಲರ್ ಕೊಟ್ಟು ಅರ್ಧ ಗಂಟೆ ಅವರ ಜೊತೆ ಓಡಬಹುದಿತ್ತು ಅಥವಾ ನಡೆಯಬಹುದಿತ್ತು. ಕ್ಯಾನ್ಸರ್ ಸೊಸೈಟಿಗೆ 27,000 ಡಾಲರ್ ಸಂದಿತು. ಓಡುತ್ತಿದ್ದಾಗಲೇ ಅವರಿಗೊಂದು ವಿಚಾರ ಹೊಳೆಯಿತು: ಒಬ್ಬನ ಬದಲು ತಂಡಗಳು ಸರದಿಯ ಮೇಲೆ ರಾತ್ರಿಯಿಡೀ ನಡೆದರೆ ಹೇಗೆ? ಮರುವರ್ಷ 19 ತಂಡಗಳು ಬಂದವು. ಅದೇ ‘ರಿಲೇ ಫಾರ್ ಲೈಫ್’ ಎಂಬ ಹೆಸರಿನಲ್ಲಿ ಹಲವು ದೇಶಗಳಿಗೆ ಹಬ್ಬಿತು. ಕ್ಯಾನ್ಸರಿನಿಂದ ಪಾರಾದವರು ಮೊದಲ ಸುತ್ತು ನಡೆಯುತ್ತಾರೆ. ಕತ್ತಲಾದ ಮೇಲೆ ಅಗಲಿದವರ ಹೆಸರು ಬರೆದ ಕಾಗದದ ಚೀಲಗಳೊಳಗೆ ದೀಪ ಹಚ್ಚಿಡುತ್ತಾರೆ. ರೋಗ ರಾತ್ರಿಯೂ ನಿದ್ರಿಸುವುದಿಲ್ಲ, ಆದ್ದರಿಂದ ನಡಿಗೆಯೂ ನಿಲ್ಲದು ಎಂಬುದು ಇದರ ಭಾವ.

ತಂಡ ಎಂಬ ಈ ಪದವೇ ಸಹಪಾಠಿಗಳಿಗೆ ಬಾಗಿಲು ತೆರೆಯಿತು. ಕಚೇರಿಯವರು, ಬೀದಿಯವರು, ಒಂದೇ ಕುಟುಂಬದವರು ತಂಡ ಕಟ್ಟುತ್ತಾರೆ. ಹಾಗೆಯೇ ಒಂದೇ ತರಗತಿಯಲ್ಲಿ ಓದಿದವರು.

ಸಹಪಾಠಿಗಳೇ ಏಕೆ?

1973ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಒಂದು ಪ್ರಬಂಧ ಬರೆದರು. ನಿತ್ಯ ಒಡನಾಡುವ ಆಪ್ತರಿಗಿಂತ ಅಪರೂಪಕ್ಕೆ ಸಿಗುವ ಪರಿಚಿತರಿಂದಲೇ ಹೊಸ ಸುದ್ದಿ, ಹೊಸ ಅವಕಾಶ ಹೆಚ್ಚಾಗಿ ಬರುತ್ತದೆ ಎಂಬುದು ಅದರ ತಿರುಳು. ಆಪ್ತರೆಲ್ಲ ಒಂದೇ ವಲಯದವರು. ಒಬ್ಬರಿಗೆ ಗೊತ್ತಿದ್ದುದು ಎಲ್ಲರಿಗೂ ಗೊತ್ತಿರುತ್ತದೆ. ದೂರದ ಪರಿಚಿತರು ಬೇರೆ ವಲಯಗಳಿಗೆ ಸೇತುವೆ.

ಸಹಪಾಠಿಗಳು ಅಂಥ ಸೇತುವೆಗಳೇ. ಒಂದು ತರಗತಿಯ ನಲವತ್ತು ಮಂದಿಯಲ್ಲಿ ಒಬ್ಬರು ಕಂಡಕ್ಟರ್, ಒಬ್ಬರು ಬ್ಯಾಂಕಿನವರು, ಒಬ್ಬರು ನರ್ಸ್, ಒಬ್ಬರು ಕಿರಾಣಿ ಅಂಗಡಿಯವರು, ಮತ್ತೊಬ್ಬರು ದುಬೈನಲ್ಲಿ. ಒಬ್ಬೊಬ್ಬರೂ ತಮ್ಮ ವಲಯದ ಹತ್ತು ಜನರನ್ನು ಕೇಳಿದರೆ ನಾನೂರು ಮನೆ ಮುಟ್ಟಿದಂತಾಯಿತು. ಈ ಪರಿಚಯದಲ್ಲಿ ಬೇರೆಲ್ಲೂ ಸಿಗದ ಸಲುಗೆಯೂ ಇದೆ. ಅಧಿಕಾರಿಯಾದವರನ್ನು ಸಹ ‘ಏನೋ’ ಎಂದು ಕರೆಯುವ ಹಕ್ಕು ಒಟ್ಟಿಗೆ ಬೆತ್ತದೇಟು ತಿಂದವರಿಗೆ ಮಾತ್ರ. ‘ಕೊಡೋ’ ಎಂದು ಕೇಳಲು ಅವರಿಗೆ ಸಂಕೋಚವಿಲ್ಲ.

ಇನ್ನೊಂದು ಕಾರಣ ಹೆಚ್ಚು ಸೂಕ್ಷ್ಮವಾದದ್ದು. ಕಾಯಿಲೆ ಬಿದ್ದವರನ್ನು ಹೊಸ ಪರಿಚಿತರು ರೋಗಿಯೆಂದೇ ನೋಡುತ್ತಾರೆ. ಸಹಪಾಠಿಗಳಿಗೆ ಆಕೆ ಕೊಕ್ಕೊದಲ್ಲಿ ಯಾರ ಕೈಗೂ ಸಿಗದೆ ಓಡುತ್ತಿದ್ದ ಹುಡುಗಿ, ಆತ ಗಣಿತದ ಪೀರಿಯಡ್ಡಿನಲ್ಲಿ ನಿದ್ದೆ ಹೋಗುತ್ತಿದ್ದ ಹುಡುಗ. ಕೂದಲು ಉದುರಿದ ತಲೆಯ ಹಿಂದೆ ಎರಡು ಜಡೆಯ ಹುಡುಗಿಯನ್ನು ಕಾಣಬಲ್ಲವರು ಅವರು. ಅಂಥವರು ನಿಮ್ಮ ಹೆಸರು ಹೊತ್ತು ಬೀದಿಯಲ್ಲಿ ನಡೆಯುವುದು ಹಣಕ್ಕಿಂತ ಬೇರೆಯದೇ ಬಲ ಕೊಡುತ್ತದೆ.

ಅದಕ್ಕಿಂತ ಮುಖ್ಯವಾಗಿ, ನಡಿಗೆ ಕಾಯಿಲೆಗೆ ಅದರ ಹೆಸರು ಕೊಡುತ್ತದೆ. ‘ಆ ಕಾಯಿಲೆ’ ಎಂದು ಪಿಸುಗುಟ್ಟುವಲ್ಲಿ ಸ್ತನದ ಗಂಟನ್ನು ತಿಂಗಳುಗಟ್ಟಲೆ ಮುಚ್ಚಿಟ್ಟುಕೊಳ್ಳುವವರು ಇರುತ್ತಾರೆ. ಬಾಯಿಯ ಹುಣ್ಣು ಮಾಯುತ್ತಿಲ್ಲವೆಂದು ಹೇಳಲು ಹೆದರುವವರು ಇರುತ್ತಾರೆ. ಬೇಗ ಪತ್ತೆಯಾದರೆ ಸ್ತನ, ಬಾಯಿ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳಿಗೆ ಒಳ್ಳೆಯ ಚಿಕಿತ್ಸೆಯಿದೆ. ತಡವಾಗುವುದರಲ್ಲಿ ನಾಚಿಕೆಯ ಪಾಲೂ ದೊಡ್ಡದು.

ಹಣದ ದಾರಿ

ಇಷ್ಟಾದರೂ ನಡಿಗೆಗಳ ಬಗ್ಗೆ ಆಕ್ಷೇಪಗಳಿಲ್ಲದಿಲ್ಲ. ಅಂಗಿ, ಟೋಪಿ, ಶಾಮಿಯಾನ, ಧ್ವನಿವರ್ಧಕ, ನೀರಿನ ಬಾಟಲಿಗಳಿಗೇ ಬಹುಪಾಲು ಖರ್ಚಾದರೆ ರೋಗಿಗೆ ಉಳಿಯುವುದೆಷ್ಟು? ಅಮೆರಿಕದಲ್ಲಿ 1998ರಿಂದ ಮೂರು ದಿನಗಳ ದೊಡ್ಡ ಸ್ತನ ಕ್ಯಾನ್ಸರ್ ನಡಿಗೆಗಳನ್ನು ನಡೆಸಿಕೊಡುತ್ತಿದ್ದ ಡಾನ್ ಪಲ್ಲೋಟಾ ಅವರ ಸಂಸ್ಥೆ ಇಂಥದೇ ಖರ್ಚಿನ ಟೀಕೆಗಳ ನಡುವೆ 2002ರಲ್ಲಿ ಮುಚ್ಚಿತು. ಖರ್ಚು ಮಾಡದೆ ದೊಡ್ಡ ಮೊತ್ತ ಕೂಡುವುದಿಲ್ಲ ಎಂಬುದು ಅವರ ವಾದ. ವಾದದಲ್ಲಿ ಹುರುಳಿದ್ದರೂ ದೇಣಿಗೆ ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ. ಟೆರಿಯ ಓಟ ಜಾಹೀರಾತನ್ನು ದೂರವಿಟ್ಟದ್ದೂ ಈ ನಂಬಿಕೆ ಉಳಿಸಿಕೊಳ್ಳಲೆಂದೇ. ಸಹಪಾಠಿಗಳ ತಂಡಕ್ಕೆ ಇಲ್ಲೊಂದು ಅನುಕೂಲವಿದೆ. ಲೆಕ್ಕ ಕೇಳುವವರೂ ಕೊಡುವವರೂ ಒಂದೇ ಬೆಂಚಿನವರು.

ನಮ್ಮಲ್ಲಿ

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ರಾಜ್ಯದ ಮೂಲೆ ಮೂಲೆಗಳಿಂದ, ನೆರೆ ರಾಜ್ಯಗಳಿಂದಲೂ ರೋಗಿಗಳು ಬರುತ್ತಾರೆ. ಮಹಿಳೆಯರಿಗಾಗಿಯೇ 2012ರಲ್ಲಿ ಮುಂಬೈಯಲ್ಲಿ ಶುರುವಾದ ಪಿಂಕಥಾನ್ ಬೆಂಗಳೂರಿಗೂ ಬಂದು ಸ್ತನ ಕ್ಯಾನ್ಸರ್ ಅರಿವನ್ನು ಬೀದಿಗೆ ತಂದಿತು. ಫೆಬ್ರುವರಿ 4ರ ವಿಶ್ವ ಕ್ಯಾನ್ಸರ್ ದಿನದಂದು ಹಲವು ಊರುಗಳಲ್ಲಿ ಜಾಥಾಗಳು ನಡೆಯುತ್ತವೆ. ಆದರೆ ನಮ್ಮ ಜಾಥಾ ಸಾಮಾನ್ಯವಾಗಿ ಘೋಷಣೆ, ಫಲಕ, ಫೋಟೊಗಳಿಗೆ ಮುಗಿಯುತ್ತದೆ. ದೇಣಿಗೆಯ ಹಾಳೆ ಅದರಲ್ಲಿ ಅಪರೂಪ.

ಚಿಕಿತ್ಸೆಯ ವೆಚ್ಚಕ್ಕೆ ಸರ್ಕಾರದ ಯೋಜನೆಗಳ ನೆರವು ಇದ್ದರೂ ಕೈಯಿಂದ ಹೋಗುವ ಖರ್ಚು ಬೇರೆಯೇ ಇರುತ್ತದೆ. ರೇಡಿಯೋಥೆರಪಿ ಎಂದರೆ ವಾರಗಟ್ಟಲೆ ಆಸ್ಪತ್ರೆಯ ಹತ್ತಿರ ಇರಬೇಕು. ಜೊತೆಗೆ ಬಂದವರ ಕೂಲಿ ತಪ್ಪುತ್ತದೆ. ಬಸ್ಸಿನ ಖರ್ಚು, ಬಾಡಿಗೆ ಕೋಣೆ, ಎರಡು ಹೊತ್ತಿನ ಊಟ. ಹಣ ಮುಗಿದು ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಊರಿಗೆ ಮರಳುವವರಿದ್ದಾರೆ. ಇದಕ್ಕೆ ಕೋಟಿಗಳು ಬೇಕಿಲ್ಲ. ಒಂದು ತರಗತಿಯ ಕೈಗೆ ಎಟಕುವ ಮೊತ್ತವೇ ಒಂದು ಮನೆಯನ್ನು ಆ ವಾರಗಳಲ್ಲಿ ದಾಟಿಸಬಲ್ಲದು. ಹಣವನ್ನು ನೋಂದಾಯಿತ ಸಂಸ್ಥೆಯ ಖಾತೆಗೇ ಜಮಾ ಮಾಡಿ, ರಸೀದಿ ಪಡೆದು, ಖರ್ಚಿನ ವಿವರವನ್ನು ಎಲ್ಲರಿಗೂ ಓದಿ ಹೇಳಿದರೆ ಮುಂದಿನ ವರ್ಷ ಕೇಳುವುದು ಸುಲಭ.

ಗುರುವಂದನೆಗೆ ಮೇಷ್ಟ್ರು ಬಂದಿರುತ್ತಾರೆ, ಶಾಲೆಯ ಮೈದಾನವೂ ಇರುತ್ತದೆ. ಊಟಕ್ಕೆ ಇನ್ನೂ ಹೊತ್ತಿರುತ್ತದೆ. ಉತ್ತರ ಬಾರದ ಆ ಹೆಸರನ್ನು, ಆ ಕಾಯಿಲೆಯ ಹೆಸರನ್ನೂ ಗಟ್ಟಿಯಾಗಿ ಹೇಳಿ, ಶಾಲೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಎಲ್ಲರೂ ಒಟ್ಟಿಗೆ ನಡೆಯಬಹುದು. ಒಂದು ಕಾಲದಲ್ಲಿ ದಿನವೂ ಸಂಜೆ ಅವರೆಲ್ಲ ಒಟ್ಟಿಗೆ ನಡೆದ ದಾರಿಯೇ ಅದು.