ಹಳೆಯ ಹಿಂಡಿಗೆ ಹೊಸ ಹ್ಯಾಟೆಗಳನ್ನು ಸೇರಿಸುವ ಕ್ರಮ

ತೋಟದ ಮನೆಯಲ್ಲಿ ಹತ್ತಿಪ್ಪತ್ತು ಕೋಳಿಗಳಿರುವುದು ನಮ್ಮಲ್ಲಿ ಹೊಸದೇನಲ್ಲ. ಅಡಿಕೆ, ಕಾಫಿಯ ಹಣ ವರ್ಷಕ್ಕೊಮ್ಮೆ ಕೈಸೇರಿದರೆ ಮೊಟ್ಟೆಯ ಹಣ ವಾರವಾರವೂ ಬರುತ್ತದೆ. ಬಹುಮಟ್ಟಿಗೆ ಅದು ಮನೆಯ ಹೆಣ್ಣುಮಕ್ಕಳ ಕೈಖರ್ಚಿಗೆ ಒದಗುವ ಹಣ. ಕೋಳಿಗೊಬ್ಬರದ ಲಾಭ ಬೇರೆ. ಆದರೆ ಮೊದಲ ಒಂದೆರಡು ವರ್ಷ ಕಳೆದಂತೆ ಕೋಳಿಯ ಮೊಟ್ಟೆ ಇಳಿಮುಖವಾಗುವುದರಿಂದ ಆಗಾಗ್ಗೆ ಹೊಸ ಹ್ಯಾಟೆಗಳನ್ನು ಸೇರಿಸಲೇಬೇಕಾಗುತ್ತದೆ. ನಷ್ಟವಾಗುವುದು ಇಲ್ಲಿಯೇ. ನಾಲ್ಕು ತಿಂಗಳು ಮೇವು ಹಾಕಿ ಬೆಳೆಸಿದ ಹ್ಯಾಟೆ, ಇನ್ನೇನು ಮೊಟ್ಟೆಗೆ ಬರಬೇಕೆನ್ನುವಾಗ, ಹಳೆಯ ಕೋಳಿಗಳ ಕುಕ್ಕಿಗೆ ಸಿಕ್ಕಿ ಸಾಯುತ್ತದೆ. ಇಲ್ಲವೇ ಮೇವು ಸಿಗದೆ ಸೊರಗಿ ತಡವಾಗಿ ಮೊಟ್ಟೆಗೆ ಬರುತ್ತದೆ. ಸ್ವಲ್ಪ ಮುಂದಾಲೋಚನೆಯಿದ್ದರೆ ಈ ನಷ್ಟವನ್ನು ಬಹುಪಾಲು ತಪ್ಪಿಸಬಹುದು.

ಕುಕ್ಕುವುದಕ್ಕೂ ಒಂದು ಸರದಿ

ಕೋಳಿಗಳು ಸುಮ್ಮಸುಮ್ಮನೆ ಜಗಳವಾಡುವುದಿಲ್ಲ. ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬುದಕ್ಕೆ ಒಂದು ಕಟ್ಟುಪಾಡಿದೆ. ನಾರ್ವೆ ದೇಶದ ಷೆಲ್ಡೆರುಪ್-ಎಬ್ಬೆ ಎಂಬುವರು ಬಾಲ್ಯದಿಂದಲೇ ಕೋಳಿಗಳನ್ನು ಗಮನಿಸುತ್ತ ಬಂದು, 1920ರ ದಶಕದ ಆರಂಭದಲ್ಲಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದರು. ಮೇಲಿನ ಸ್ಥಾನದ ಕೋಳಿ ಕೆಳಗಿನ ಎಲ್ಲವನ್ನೂ ಕುಕ್ಕುತ್ತದೆ. ಎರಡನೆಯದು ಮೊದಲನೆಯದನ್ನು ಬಿಟ್ಟು ಉಳಿದವನ್ನು ಕುಕ್ಕುತ್ತದೆ. ಕಟ್ಟಕಡೆಯದು ಎಲ್ಲರಿಂದಲೂ ಕುಕ್ಕಿಸಿಕೊಳ್ಳುತ್ತದೆ. ಹುಂಜಗಳ ಸರದಿ ಬೇರೆ, ಹೇಂಟೆಗಳ ಸರದಿ ಬೇರೆ. ಈ ಸರದಿ ಒಮ್ಮೆ ನಿಂತಿತೆಂದರೆ ಕೆಳಗಿನ ಕೋಳಿ ತಾನಾಗಿಯೇ ದಾರಿ ಬಿಡುತ್ತದೆ, ಜಗಳ ಕಡಿಮೆಯಾಗುತ್ತದೆ. ಹಾಗಾಗಿ ಈ ಸರದಿ ಹಿಂಡಿನ ಶಾಂತಿಗೆ ಬೇಕಾದದ್ದೇ.

ಕೋಳಿಗಳು ಒಂದನ್ನೊಂದು ಮುಖ್ಯವಾಗಿ ತಲೆ ಮತ್ತು ಜುಟ್ಟಿನಿಂದ ಗುರುತಿಸುತ್ತವೆ. ಹೊಸ ಮುಖ ಬಂದೊಡನೆ ಹಳೆಯ ಲೆಕ್ಕ ಕೆಟ್ಟು ಮತ್ತೆ ಮೊದಲಿನಿಂದ ತೀರ್ಮಾನವಾಗಬೇಕಾಗುತ್ತದೆ. ಹಳೆಯ ಹಿಂಡಿನಿಂದಲೇ ಕೆಲವು ವಾರ ಬೇರೆಯಿಟ್ಟಿದ್ದ ಕೋಳಿಯನ್ನು ಮರಳಿ ಬಿಟ್ಟರೂ ಅದನ್ನು ಹೊಸಬಳಂತೆಯೇ ಕಾಣುವುದುಂಟು. ಆದ್ದರಿಂದ ತಿಂಗಳಿಗೆ ಒಂದೆರಡರಂತೆ ಕೋಳಿ ಸೇರಿಸುತ್ತ ಹೋದರೆ ಹಿಂಡಿಗೆ ನೆಮ್ಮದಿಯೇ ಇರುವುದಿಲ್ಲ. ವರ್ಷಕ್ಕೊಮ್ಮೆ ಒಟ್ಟಿಗೆ ಸೇರಿಸುವುದು ಲೇಸು.

ಮೊದಲು ರೋಗದ ಎಚ್ಚರ

ಸಂತೆಯಿಂದ ತಂದ ಹ್ಯಾಟೆಯನ್ನು ಅಂದೇ ಹಿಂಡಿಗೆ ಬಿಡಕೂಡದು. ಕುಕ್ಕಿನಿಂದ ಸಾಯುವುದು ಒಂದೋ ಎರಡೋ. ಕೊಕ್ಕರೆ ರೋಗ ಹೊಕ್ಕರೆ ಇಡೀ ಗೂಡು ಬರಿದಾಗಬಹುದು. ಹೊಸ ಹಕ್ಕಿಗಳನ್ನು ಕನಿಷ್ಠ ಮೂರರಿಂದ ನಾಲ್ಕು ವಾರ ದೂರದಲ್ಲಿ ಬೇರೆಯೇ ಇಟ್ಟು, ಅವುಗಳ ನೀರು-ಮೇವಿನ ಪಾತ್ರೆಗಳನ್ನೂ ಬೇರೆ ಮಾಡಿ, ಪ್ರತಿದಿನ ಹಳೆಯ ಕೋಳಿಗಳ ಕೆಲಸ ಮುಗಿಸಿದ ನಂತರವೇ ಇವುಗಳ ಬಳಿಗೆ ಹೋಗಬೇಕು. ಈ ಅವಧಿಯಲ್ಲಿ ಹೇನು, ನುಸಿ, ಗೊರಗೊರ ಉಸಿರು, ಹಸಿರು ಭೇದಿ ಇವೆಯೇ ಎಂದು ನೋಡಬೇಕು. ಆರರಿಂದ ಎಂಟು ವಾರದ ವಯಸ್ಸಿಗೆ ಹಾಕಿಸುವ ಕೊಕ್ಕರೆ ರೋಗದ ಲಸಿಕೆ ಆಗಿಲ್ಲದಿದ್ದಲ್ಲಿ ಹತ್ತಿರದ ಪಶು ಆಸ್ಪತ್ರೆಯಲ್ಲಿ ಹಾಕಿಸತಕ್ಕದ್ದು. ಹಳೆಯ ಹಿಂಡಿನ ಲಸಿಕೆಯನ್ನೂ ಆಗಲೇ ವಿಚಾರಿಸಿಕೊಳ್ಳಬೇಕು.

ವಯಸ್ಸು ಮತ್ತು ಸಂಖ್ಯೆ

ತೀರ ಎಳೆಯ ಮರಿಗಳನ್ನು ದೊಡ್ಡ ಕೋಳಿಗಳ ನಡುವೆ ಬಿಡುವುದು ಅವುಗಳನ್ನು ಕೊಂದಂತೆಯೇ. ಹದಿಮೂರರಿಂದ ಹದಿನಾರು ವಾರದ, ಗಾತ್ರದಲ್ಲಿ ಹಳೆಯವಕ್ಕೆ ಸರಿದೂಗುವ ಹ್ಯಾಟೆಗಳು ತಕ್ಕವು. ಮೊಟ್ಟೆಗೆ ಬರುವ ಹೊತ್ತಿನಲ್ಲಿ ಸ್ಥಳ ಬದಲಿಸಿದರೆ ಮೊಟ್ಟೆ ತಡವಾಗುತ್ತದೆ; ಆದುದರಿಂದ ಅದಕ್ಕೆ ಕೆಲವು ವಾರ ಮುಂಚಿತವಾಗಿಯೇ ಸೇರ್ಪಡೆ ಮುಗಿದಿರಬೇಕು.

ಒಂಟಿ ಹ್ಯಾಟೆಯನ್ನು ಎಂದೂ ಬಿಡಬಾರದು. ಹಿಂಡಿನ ಕೋಪವೆಲ್ಲ ಅದೊಂದರ ಮೇಲೆಯೇ ಬೀಳುತ್ತದೆ. ಕೊನೆಯ ಪಕ್ಷ ಮೂರು, ಸಾಧ್ಯವಾದರೆ ಐದಾರು ಜೊತೆಗೆ ಬೆಳೆದವು ಇರಲಿ.

ತಳಿಯ ವಿಚಾರದಲ್ಲಿಯೂ ಎಚ್ಚರ ಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಮತ್ತು ಸ್ವರ್ಣಧಾರ ತಳಿಗಳು ನಮ್ಮ ಹಳ್ಳಿಗಳಲ್ಲಿ ಈಗ ಪರಿಚಿತ. ತೂಕದಲ್ಲಿ ಇವು ನಾಟಿ ಕೋಳಿಯನ್ನು ಬೇಗನೆ ಮೀರಿಸುತ್ತವೆ. ಹಾಗೆಂದು ಇವು ಗೆಲ್ಲುತ್ತವೆಂದು ತಿಳಿಯಬಾರದು. ಸ್ವಂತ ಅಂಗಳದಲ್ಲಿ ನಿಂತ ಹಳೆಯ ನಾಟಿ ಹೇಂಟೆಯ ಮುಂದೆ ಅದಕ್ಕಿಂತ ಭಾರವಾದ ಹ್ಯಾಟೆಯೂ ಓಡುವುದುಂಟು.

ನೋಡಲಿ, ಮುಟ್ಟದಿರಲಿ

ರೋಗದ ಗಡುವು ಮುಗಿದ ಮೇಲೆ ಹೊಸ ಹ್ಯಾಟೆಗಳನ್ನು ಹಳೆಯ ಕೋಳಿಗಳ ಕಣ್ಣೆದುರೇ, ಆದರೆ ಜಾಲರಿಯ ಆಚೆ, ಒಂದರಿಂದ ಎರಡು ವಾರ ಇಡಬೇಕು. ಗೂಡಿನ ಒಂದು ಮೂಲೆಗೆ ತಂತಿಬಲೆ ಕಟ್ಟಿದರೂ ಆಯಿತು, ಅಡಿಕೆ ದಬ್ಬೆಗಳನ್ನು ಒತ್ತಾಗಿ ಹೊಡೆದರೂ ಆಯಿತು. ಎರಡೂ ಕಡೆಯ ಮೇವಿನ ಪಾತ್ರೆಗಳನ್ನು ಬೇಲಿಯ ಹತ್ತಿರವೇ ಇಟ್ಟಲ್ಲಿ, ಎದುರುಬದುರಾಗಿ ತಿನ್ನುವ ರೂಢಿಯಾಗುತ್ತದೆ. ಮೊದಲ ದಿನಗಳಲ್ಲಿ ಬೇಲಿಗೆ ಎಗರುವ ಕೋಳಿಗಳು ಬರಬರುತ್ತ ಸುಮ್ಮನಾಗುತ್ತವೆ. ಆಗ ಬಾಗಿಲು ತೆರೆಯುವ ಕಾಲ ಬಂತೆಂದು ತಿಳಿಯಬೇಕು.

ಬಾಗಿಲು ತೆರೆಯುವ ದಿನ

ರಾತ್ರಿ ಕತ್ತಲೆಯಲ್ಲಿ ಹೊಸವನ್ನು ಹಳೆಯವುಗಳ ಪಕ್ಕ ಕೂರಿಸುವುದು ಅನೇಕರ ರೂಢಿ. ಕತ್ತಲೆಯಲ್ಲಿ ಕೋಳಿಗೆ ಕಣ್ಣು ಕಾಣದಿರುವುದರಿಂದ ರಾತ್ರಿ ಜಗಳವಿಲ್ಲ, ನಿಜ. ಆದರೆ ಬೆಳಗಾದೊಡನೆ ಮುಚ್ಚಿದ ಗೂಡಿನಲ್ಲಿ ಓಡಲು ಜಾಗವಿಲ್ಲದೆ ಹ್ಯಾಟೆಗಳು ಸಿಕ್ಕಿಬೀಳುತ್ತವೆ. ಹೀಗೆ ಮಾಡುವವರು ಬೆಳಕು ಹರಿಯುವ ಮೊದಲೇ ಎದ್ದು ಬಾಗಿಲು ತೆರೆಯತಕ್ಕದ್ದು. ಇದಕ್ಕಿಂತ, ಸಂಜೆ ಒಂದೆರಡು ಗಂಟೆ ಹಗಲಿರುವಾಗ, ವಿಶಾಲವಾದ ತೋಟದಲ್ಲಿ ಎಲ್ಲವನ್ನೂ ಒಟ್ಟಿಗೆ ಮೇಯಲು ಬಿಡುವುದು ಉತ್ತಮ. ಎಲ್ಲರಿಗೂ ಕೆದಕುವ ಕೆಲಸವಿದ್ದಾಗ ಜಗಳಕ್ಕೆ ಬಿಡುವಿರುವುದಿಲ್ಲ. ಆದರೆ ಅಡಿಕೆ, ಕಾಫಿ ಒಣಗಿಸುವ ಕಣದತ್ತಲೂ, ಹೊಸದಾಗಿ ಬೋರ್ಡೋ ದ್ರಾವಣ ಸಿಂಪಡಿಸಿದ ಕಡೆಗೂ ಕೋಳಿಗಳು ಹೋಗದಂತೆ ನೋಡಿಕೊಳ್ಳಬೇಕು.

ಆ ದಿನಗಳಲ್ಲಿ ಈ ಕೆಳಗಿನ ಅನುಕೂಲಗಳು ಇರಬೇಕು:

1. ಮೇವು ಮತ್ತು ನೀರು ಕನಿಷ್ಠ ಎರಡು ಮೂರು ಕಡೆ, ಒಂದರಿಂದ ಇನ್ನೊಂದು ಕಾಣದಂತೆ. ಒಂದೇ ಪಾತ್ರೆಯಿದ್ದರೆ ಮೇಲಿನ ಕೋಳಿ ಅದಕ್ಕೆ ಕಾವಲು ನಿಲ್ಲುತ್ತದೆ.

2. ಗೂಡಿನಲ್ಲಿ ಕೋಳಿಯೊಂದಕ್ಕೆ ಎರಡು ಚದರ ಅಡಿ ನೆಲ, ರಾತ್ರಿ ಕೂರುವ ಗಳುವಿನಲ್ಲಿ ಎಂಟರಿಂದ ಹತ್ತು ಅಂಗುಲ ಜಾಗ, ಐದು ಕೋಳಿಗಳಿಗೆ ಒಂದು ಮೊಟ್ಟೆಯಿಡುವ ಪೆಟ್ಟಿಗೆ.

3. ಅಡಗಲು ಮರೆ. ಗೋಡೆಗೆ ಓರೆಯಾಗಿ ಒರಗಿಸಿದ ತೆಂಗಿನ ಗರಿ, ಅಡಿಕೆ ಸೋಗೆ ಸಾಕು. ಎರಡೂ ಕಡೆ ದಾರಿಯಿರಬೇಕು. ಒಂದೇ ಬಾಯಿಯ ಮೂಲೆ ಬೋನಿನಂತಾಗುತ್ತದೆ.

ಸಹಜವೆಷ್ಟು, ಅಪಾಯವೆಷ್ಟು

ತಲೆಗೆ ಒಂದೆರಡು ಕುಕ್ಕು, ನಾಲ್ಕು ಹೆಜ್ಜೆ ಅಟ್ಟುವುದು, ಹ್ಯಾಟೆ ತಲೆ ತಗ್ಗಿಸಿ ದೂರ ಸರಿಯುವುದು ಸಹಜ. ನಾವು ನಡುವೆ ಹೋದರೆ ತೀರ್ಮಾನ ಮುಂದೂಡಿದಂತಾಗುತ್ತದೆ, ಅಷ್ಟೆ. ಒಂದೆರಡು ವಾರದಲ್ಲಿ ಹಿಂಡು ಹದಕ್ಕೆ ಬರುತ್ತದೆ. ಆವರೆಗೆ ಹಳೆಯ ಕೋಳಿಗಳ ಮೊಟ್ಟೆಯೂ ಕೊಂಚ ಇಳಿಯಬಹುದು.

ಆದರೆ ರಕ್ತ ಕಂಡ ಕೂಡಲೇ ಆ ಹಕ್ಕಿಯನ್ನು ಎತ್ತಿಕೊಳ್ಳತಕ್ಕದ್ದು. ಕೆಂಪು ಕಂಡರೆ ಸುಮ್ಮನಿದ್ದ ಕೋಳಿಗಳೂ ಕುಕ್ಕಲು ಬರುತ್ತವೆ. ಗಾಯ ತೊಳೆದು ಅರಿಸಿನ ಹಚ್ಚಿ, ಒಣಗುವವರೆಗೆ ಬೇರೆಯಿಡಬೇಕು. ಸಂಜೆ ಗೂಡು ಸೇರಿದ ಮೇಲೆ ಹ್ಯಾಟೆಗಳ ಕೊರಳ ಬುಡದ ಮೇವಿನ ಚೀಲವನ್ನು ಮುಟ್ಟಿ ನೋಡುವುದು ಒಳ್ಳೆಯ ಪರೀಕ್ಷೆ. ಚೀಲ ತುಂಬಿದ್ದರೆ ಚಿಂತೆಯಿಲ್ಲ. ಖಾಲಿಯಿದ್ದರೆ ಅದಕ್ಕೆ ಮೇವು ದಕ್ಕುತ್ತಿಲ್ಲ.

ಕೆಲವೊಮ್ಮೆ ಕಿರುಕುಳವೆಲ್ಲ ಒಂದೇ ಹೇಂಟೆಯದಾಗಿರುತ್ತದೆ. ಆಗ ಹ್ಯಾಟೆಯನ್ನಲ್ಲ, ಆ ಹೇಂಟೆಯನ್ನೇ ಮೂರು ನಾಲ್ಕು ದಿನ ಬೇರೆಡೆ ಕೂಡಿಹಾಕಬೇಕು. ಅಷ್ಟರಲ್ಲಿ ಹೊಸವು ನೆಲೆಯೂರುತ್ತವೆ. ಮರಳಿ ಬಂದ ಅದರ ಬಿಗುಮಾನವೂ ಇಳಿದಿರುತ್ತದೆ. ಇಷ್ಟಾದರೂ ಎಲ್ಲ ಕಡೆ ಕುಕ್ಕಾಟ ನಿಲ್ಲದಿದ್ದರೆ ಇಕ್ಕಟ್ಟು, ಮೇವಿನಲ್ಲಿ ಸಸಾರಜನಕ ಅಥವಾ ಉಪ್ಪಿನ ಕೊರತೆ, ಇಲ್ಲವೇ ನುಸಿಯ ಕಾಟವನ್ನು ಶಂಕಿಸಬೇಕು. ದೊಡ್ಡ ಫಾರಂಗಳಲ್ಲಿ ಕೊಕ್ಕು ಕತ್ತರಿಸುವುದುಂಟು. ಕೆದಕಿ ಮೇಯುವ ನಮ್ಮ ಕೋಳಿಗಳಿಗೆ ಅದು ಸಲ್ಲದು.

ಮೇವಿನ ತೊಡಕು

ಅಂಗಡಿಯ ಮೇವು ಹಾಕುವವರು ಗಮನಿಸಬೇಕಾದ ಮಾತು ಒಂದಿದೆ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದಂಶ ಶೇಕಡ ಮೂರೂವರೆಯಷ್ಟಿರುತ್ತದೆ. ಬೆಳೆಯುವ ಹ್ಯಾಟೆಗೆ ಬೇಕಾದದ್ದು ಶೇಕಡ ಒಂದರ ಆಸುಪಾಸು. ಹೆಚ್ಚಿನ ಸುಣ್ಣ ಎಳೆಯ ಹಕ್ಕಿಯ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಆದಕಾರಣ ಎಲ್ಲವೂ ಒಟ್ಟಿಗಿರುವಾಗ ಬೆಳೆಯುವ ಕೋಳಿಯ ಮೇವನ್ನೇ ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿ ಇಡಬೇಕು. ಮೊಟ್ಟೆಯಿಡುವ ಕೋಳಿ ತನಗೆ ಬೇಕಾದಷ್ಟನ್ನು ತಾನೇ ಆರಿಸಿ ತಿನ್ನುತ್ತದೆ.

ಕಾವಿನ ಕೋಳಿ ಇರುವವರಿಗೆ

ಕಾವು ಕೂರುವ ನಾಟಿ ಕೋಳಿಯಿದ್ದರೆ ಕೆಲಸ ಬಹಳ ಹಗುರ. ತಾಯಿಯ ಬೆನ್ನ ಹಿಂದೆ ಬೆಳೆದ ಮರಿಗಳು ಹಿಂಡಿನ ನಡುವೆಯೇ ಕಣ್ಣು ಬಿಟ್ಟವು. ಹತ್ತಿರ ಬಂದವರನ್ನು ತಾಯಿ ಅಟ್ಟುತ್ತದೆ. ಆದರೆ ಅದು ಮತ್ತೆ ಮೊಟ್ಟೆಗೆ ಬಂದಾಗ ಮರಿಗಳನ್ನು ದೂರ ಮಾಡುತ್ತದೆ. ಆ ಒಂದೆರಡು ವಾರ ಮರಿಗಳು ಮಾತ್ರ ನುಸುಳುವಂಥ ಕಿಂಡಿಯಿಟ್ಟು, ಒಳಗೆ ಅವಕ್ಕೆ ಪ್ರತ್ಯೇಕ ಮೇವು ಹಾಕಬೇಕು.

ಹೆಚ್ಚಿನ ತಿಳಿವಳಿಕೆ ಬೇಕಾದ ಸದಸ್ಯರು ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯ ತರಬೇತಿಯ ಬಗ್ಗೆ ವಿಚಾರಿಸಬಹುದು. ದೊಡ್ಡಬಳ್ಳಾಪುರ, ನೆಲಮಂಗಲದವರಿಗೆ ಅದು ದೂರವೇನಲ್ಲ. ಮರಿ ಕೊಳ್ಳುವ ಮೊದಲೇ ಜಾಲರಿಯ ಮೂಲೆಯನ್ನು ಕಟ್ಟಿಕೊಂಡಿರುವುದು ಮಾತ್ರ ಮನೆಯಲ್ಲೇ ಆಗಬೇಕಾದ ಕೆಲಸ.