ಸುಸ್ಥಿರ ಖರೀದಿ ಮತ್ತು ಪೂರೈಕೆ ಸರಪಳಿ (ಮಲೆನಾಡಿನ ಕಾಫಿ, ಅಡಿಕೆ)

ಸುಸ್ಥಿರ ಖರೀದಿ ಎಂದರೆ ಸರಕನ್ನು ಕೊಳ್ಳುವಾಗ ಬೆಲೆ ಮತ್ತು ಗುಣಮಟ್ಟಗಳ ಜೊತೆಗೆ, ಆ ಸರಕಿನ ಉತ್ಪಾದನೆಯಿಂದ ಪರಿಸರಕ್ಕೂ ದುಡಿಯುವ ಜನರಿಗೂ ಆಗುವ ಪರಿಣಾಮಗಳನ್ನು ಪರಿಗಣಿಸುವ ಪದ್ಧತಿ. ಕಚ್ಚಾವಸ್ತು ಹುಟ್ಟುವ ನೆಲದಿಂದ ಬಳಕೆದಾರನ ಕೈಸೇರುವವರೆಗಿನ ಹಂತಗಳನ್ನು ಒಟ್ಟಾಗಿ ಪೂರೈಕೆ ಸರಪಳಿ ಎಂದು ಕರೆಯಲಾಗುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ಕಾಫಿ ಮತ್ತು ಅಡಿಕೆ ಎಂಬ ಎರಡು ದೀರ್ಘ ಸರಪಳಿಗಳ ಮೊದಲ ಕೊಂಡಿಗಳಾಗಿವೆ. ಖರೀದಿದಾರನ ಹೊಣೆಗಾರಿಕೆಯ ವೆಚ್ಚವನ್ನು ಕೊನೆಗೆ ಯಾರು ಭರಿಸುತ್ತಾರೆ ಎಂಬ ಪ್ರಶ್ನೆ ಈ ಎರಡು ಬೆಳೆಗಳಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ.

ಪರಿಕಲ್ಪನೆಯ ಬೆಳವಣಿಗೆ

2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು ಅಲ್ಲಿದ್ದ ಸಿದ್ಧ ಉಡುಪು ಕಾರ್ಖಾನೆಗಳ 1,100ಕ್ಕೂ ಹೆಚ್ಚು ಜನರು ಮೃತರಾದರು. ತಾವು ಮಾರುವ ಬಟ್ಟೆ ಎಲ್ಲಿ, ಯಾವ ಸ್ಥಿತಿಯಲ್ಲಿ ತಯಾರಾಗುತ್ತದೆ ಎಂಬುದಕ್ಕೆ ದೊಡ್ಡ ಕಂಪನಿಗಳೂ ಉತ್ತರಿಸಬೇಕೆಂಬ ಒತ್ತಾಯ ಅನಂತರ ಬಲವಾಯಿತು. ಸಾಮಾಜಿಕ ಹೊಣೆಗಾರಿಕೆಗೆ ಮಾರ್ಗದರ್ಶಿಯಾದ ಐಎಸ್‌ಒ 26000 ಮಾನಕವು 2010ರಲ್ಲಿಯೂ ಸುಸ್ಥಿರ ಖರೀದಿಗೆ ಸಂಬಂಧಿಸಿದ ಐಎಸ್‌ಒ 20400 ಮಾನಕವು 2017ರಲ್ಲಿಯೂ ಪ್ರಕಟವಾದವು.

ಭಾರತದಲ್ಲಿ 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ, ನಿಗದಿತ ಮಿತಿಯನ್ನು ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು. ಲಾಭ ಬಂದ ಮೇಲೆ ಹಣ ವ್ಯಯಿಸುವುದು ಒಂದು. ಲಾಭ ಬರುವ ಮಾರ್ಗವನ್ನೇ ಪರಿಶೀಲಿಸುವುದು ಇನ್ನೊಂದು. ಸುಸ್ಥಿರ ಖರೀದಿಯು ಎರಡನೆಯದಕ್ಕೆ ಸೇರುತ್ತದೆ.

ಕಾಫಿ

ಭಾರತದಲ್ಲಿ ಕಾಫಿಯನ್ನು ಮರಗಳ ನೆರಳಿನಲ್ಲಿ ಬೆಳೆಯಲಾಗುತ್ತದೆ. ಎಲೆರೋಗದ ನಿವಾರಣೆಗಾಗಿ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕವೊಂದು ಆರಂಭವಾಯಿತು. ಮೈಸೂರು ಸರ್ಕಾರವು 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪಿಸಿದ ಪ್ರಯೋಗ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ.

ಬೆಳೆಗಾರನು ಹಣ್ಣನ್ನು ಪಲ್ಪ್ ಮಾಡಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ರೂಪದಲ್ಲಿ ಅಥವಾ ಹಾಗೆಯೇ ಒಣಗಿಸಿದ ಚೆರಿ ರೂಪದಲ್ಲಿ ಮಾರುತ್ತಾನೆ. ಸರಕು ಸ್ಥಳೀಯ ವ್ಯಾಪಾರಿಯಿಂದ ಕ್ಯೂರಿಂಗ್ ವರ್ಕ್ಸ್‌ಗೆ, ಅಲ್ಲಿಂದ ರಫ್ತುದಾರನಿಗೆ ಸಾಗುತ್ತದೆ. ದೇಶದ ಕಾಫಿಯ ಹೆಚ್ಚಿನ ಪಾಲು ವಿದೇಶಕ್ಕೆ, ಅದರಲ್ಲೂ ಯುರೋಪಿಗೆ ಹೋಗುತ್ತದೆ. ವ್ಯಾಪಾರಿಯ ಗೋದಾಮಿನಲ್ಲಿ ಹಲವು ತೋಟಗಳ ಕಾಫಿ ಒಂದೇ ರಾಶಿಯಾದಾಗ, ಯಾವ ಮೂಟೆ ಯಾವ ತೋಟದ್ದು ಎಂಬ ಗುರುತು ಅಳಿಯುತ್ತದೆ. ಸುಸ್ಥಿರ ಖರೀದಿಯ ಮೊದಲ ತೊಡಕು ಇದೇ.

ಪರಿಸರದ ದೃಷ್ಟಿಯಿಂದ ಎರಡು ವಿಷಯಗಳು ಮುಖ್ಯ. ಮೊದಲನೆಯದು ನೀರು. ಪಲ್ಪಿಂಗ್‌ನಿಂದ ಹೊರಬರುವ ನೀರಿನಲ್ಲಿ ಸಕ್ಕರೆ ಮತ್ತು ಲೋಳೆಯ ಅಂಶ ಅಧಿಕವಾಗಿರುತ್ತದೆ. ಅದು ಸಂಸ್ಕರಣೆಯಿಲ್ಲದೆ ಹಳ್ಳಕ್ಕೆ ಸೇರಿದರೆ ನೀರಿನ ಆಮ್ಲಜನಕ ಕುಗ್ಗಿ ಜಲಚರಗಳಿಗೆ ಕುತ್ತು ಬರುತ್ತದೆ. ಈ ಭಾಗದ ಹಳ್ಳಗಳು ತುಂಗಾ ಮತ್ತು ಭದ್ರಾ ನದಿಗಳನ್ನು ಸೇರುತ್ತವೆ. ಎರಡನೆಯದು ನೆರಳು. ಅತ್ತಿ, ಹಲಸು, ಮತ್ತಿ, ನಂದಿಯಂತಹ ಸ್ಥಳೀಯ ಮರಗಳ ಜಾಗದಲ್ಲಿ, ಬೇಗ ಬೆಳೆಯುವ ಮತ್ತು ಕಾಳುಮೆಣಸಿನ ಬಳ್ಳಿಗೆ ಅನುಕೂಲವಾದ ಸಿಲ್ವರ್ ಓಕ್ ಅನೇಕ ತೋಟಗಳನ್ನು ಆವರಿಸಿದೆ. ರೈನ್‌ಫಾರೆಸ್ಟ್ ಅಲಯನ್ಸ್‌ನಂತಹ ಪ್ರಮಾಣೀಕರಣ ಸಂಸ್ಥೆಗಳು ಸ್ಥಳೀಯ ಮರಗಳ ವೈವಿಧ್ಯ, ನೀರಿನ ಸಂರಕ್ಷಣೆ ಮತ್ತು ಕಾರ್ಮಿಕರ ಹಕ್ಕುಗಳನ್ನು ಪರಿಶೀಲಿಸುತ್ತವೆ. ಸಣ್ಣ ಬೆಳೆಗಾರರು ಗುಂಪಾಗಿ ಪ್ರಮಾಣಪತ್ರ ಪಡೆಯಲು ಅವಕಾಶವಿದೆ.

ಐರೋಪ್ಯ ಒಕ್ಕೂಟದ ನಿಯಮ

ಐರೋಪ್ಯ ಒಕ್ಕೂಟವು 2023ರಲ್ಲಿ ಅರಣ್ಯನಾಶ ತಡೆ ನಿಯಮವನ್ನು ಜಾರಿಗೆ ತಂದಿತು. ಕಾಫಿ ಸೇರಿದಂತೆ ಏಳು ಸರಕುಗಳು ಇದರ ವ್ಯಾಪ್ತಿಗೆ ಬರುತ್ತವೆ. 2020ರ ಡಿಸೆಂಬರ್ 31ರ ಅನಂತರ ಕಾಡು ಕಡಿದ ನೆಲದಲ್ಲಿ ಸರಕು ಬೆಳೆದಿಲ್ಲವೆಂದೂ ಉತ್ಪಾದಕ ದೇಶದ ಕಾನೂನಿಗೆ ಅನುಗುಣವಾಗಿ ಬೆಳೆದಿದೆಯೆಂದೂ ಆಮದುದಾರನು ದೃಢಪಡಿಸಬೇಕು. ಅದಕ್ಕಾಗಿ ತೋಟದ ಅಕ್ಷಾಂಶ, ರೇಖಾಂಶಗಳನ್ನು ಒದಗಿಸಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಗಡಿರೇಖೆಯನ್ನೇ ನೀಡಬೇಕು. ನಿಯಮ ಅನ್ವಯವಾಗುವ ದಿನಾಂಕವನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಲಾಗಿದೆ. ಕಾಫಿ ಮಂಡಳಿಯು ಬೆಳೆಗಾರರ ನೋಂದಣಿಯನ್ನು ಕೈಗೊಂಡಿದೆ.

ನಿಯಮದ ಉದ್ದೇಶ ಅರಣ್ಯರಕ್ಷಣೆಯಾದರೂ, ಪುರಾವೆ ಒದಗಿಸುವ ಕೆಲಸ ಕೊನೆಗೆ ತೋಟದ ಬಾಗಿಲಿಗೆ ಬರುತ್ತದೆ. ತಲೆಮಾರುಗಳಿಂದ ಸಾಗುವಳಿ ಮಾಡುತ್ತಿದ್ದರೂ ಬಗರ್‌ಹುಕುಂ ಅರ್ಜಿ ಇತ್ಯರ್ಥವಾಗದ ಕುಟುಂಬಕ್ಕೆ ಭೂದಾಖಲೆ ತೋರಿಸುವುದು ಕಷ್ಟ. ದೊಡ್ಡ ಎಸ್ಟೇಟಿಗೆ ಸುಲಭವಾದ ಕಾಗದಪತ್ರ ಎರಡು ಎಕರೆಯ ಬೆಳೆಗಾರನಿಗೆ ಮಾರುಕಟ್ಟೆಯ ಬಾಗಿಲು ಮುಚ್ಚಿಸುವ ಸಾಧ್ಯತೆಯಿದೆ.

ಅಡಿಕೆ

ಅಡಿಕೆಯ ಖರೀದಿಯಲ್ಲಿ ನ್ಯಾಯದ ಪ್ರಶ್ನೆಗೆ ಮಲೆನಾಡು ಮತ್ತು ಕರಾವಳಿಗಳು ಕಂಡುಕೊಂಡ ಉತ್ತರ ಸಹಕಾರ ಸಂಘ. ಶಿವಮೊಗ್ಗದಲ್ಲಿ 1939ರಲ್ಲಿ ಆರಂಭವಾದ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘವು (ಮ್ಯಾಮ್ಕೋಸ್) ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರಗಳಲ್ಲಿಯೂ ಶಾಖೆಗಳನ್ನು ಹೊಂದಿದೆ. ಬೆಲೆ ಕುಸಿತದ ಹಿನ್ನೆಲೆಯಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸ್ಥಾಪನೆಯಾಯಿತು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ವಿಂಗಡಣೆ, ನಿಖರವಾದ ತೂಕ ಮತ್ತು ಬಹಿರಂಗ ದರ ಇವು ಬೆಳೆಗಾರನನ್ನು ಮಧ್ಯವರ್ತಿಯ ಮರ್ಜಿಯಿಂದ ಬಹುಮಟ್ಟಿಗೆ ಪಾರುಮಾಡಿದವು.

ಆದರೂ ಕೆಲವು ಹೊರೆಗಳು ಬೆಲೆಯಲ್ಲಿ ಕಾಣಿಸುವುದಿಲ್ಲ. ಅಡಿಕೆ ಬೇಯಿಸಲು ಸೌದೆಯೂ ತೋಟಕ್ಕೆ ಸೊಪ್ಪೂ ಸುತ್ತಲಿನ ಬೆಟ್ಟದಿಂದ ಬರುತ್ತವೆ. ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಲು, ಕೊನೆ ಕೊಯ್ಯಲು ಮರವೇರುವ ಕೊನೆಗಾರನ ಜೀವಕ್ಕೆ ಅಪಾಯವಿದೆ. ಹಳದಿ ಎಲೆ ರೋಗದಿಂದ ಶೃಂಗೇರಿ, ಕೊಪ್ಪ ಭಾಗದ ಅನೇಕ ತೋಟಗಳು ಇಳುವರಿ ಕಳೆದುಕೊಂಡಿವೆ. ರೋಗಪೀಡಿತ ತೋಟದ ನಷ್ಟ ಬೆಳೆಗಾರನ ಪಾಲಿಗೇ ಉಳಿಯುತ್ತದೆ. ಖರೀದಿದಾರನು ಬೇರೆ ಪ್ರದೇಶದ ಅಡಿಕೆಯನ್ನು ಕೊಳ್ಳಬಹುದು.

ಸರಪಳಿಯ ಇನ್ನೊಂದು ತುದಿಯಲ್ಲಿ ಬಳಕೆದಾರನಿದ್ದಾನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮಾನವರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಪ್ರಶ್ನಿಸಿವೆ. ಕರ್ನಾಟಕ ಸರ್ಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ನ್ಯಾಯವಾದ ಬೆಲೆಯೊಂದರಿಂದಲೇ ಸರಪಳಿಯ ಹೊಣೆ ಮುಗಿಯುವುದಿಲ್ಲ ಎಂಬುದಕ್ಕೆ ಇದು ಉದಾಹರಣೆ.

ತೋಟದ ಕಾರ್ಮಿಕರು

1951ರ ತೋಟ ಕಾರ್ಮಿಕರ ಕಾಯ್ದೆಯು ವಸತಿ, ವೈದ್ಯಕೀಯ ಸೌಲಭ್ಯ, ಶಿಶುವಿಹಾರಗಳನ್ನು ಕಡ್ಡಾಯಗೊಳಿಸಿತ್ತು. ಆದರೆ ಅದು ಸಾಮಾನ್ಯವಾಗಿ ಐದು ಹೆಕ್ಟೇರ್ ಅಥವಾ ಹೆಚ್ಚಿನ ವಿಸ್ತೀರ್ಣವಿದ್ದು 15 ಅಥವಾ ಹೆಚ್ಚು ಕಾರ್ಮಿಕರಿರುವ ತೋಟಗಳಿಗೆ ಅನ್ವಯಿಸುತ್ತಿತ್ತು. ಸಣ್ಣ ಹಿಡುವಳಿಗಳ ಕೂಲಿಗಳು ಅದರ ಹೊರಗುಳಿದರು. ಮುಂದೆ ಈ ವಿಷಯವನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಗೆ ಸೇರಿಸಲಾಯಿತು. ಈಗ ಜಿಲ್ಲೆಯ ಕಾಫಿ ಕೊಯ್ಲಿಗೆ ಅಸ್ಸಾಮಿನಂತಹ ದೂರದ ರಾಜ್ಯಗಳಿಂದಲೂ ಕಾರ್ಮಿಕರು ಬರುತ್ತಾರೆ. ಮುಂಗಡದ ಲೆಕ್ಕ, ಮಕ್ಕಳ ಶಾಲೆ ಮತ್ತು ಪಡಿತರ ಅವರ ಮುಖ್ಯ ಸಮಸ್ಯೆಗಳು.

ಟೀಕೆಗಳು

ಪ್ರಮಾಣೀಕರಣದ ಶುಲ್ಕ ಮತ್ತು ದಾಖಲೆ ನಿರ್ವಹಣೆಯ ಶ್ರಮ ಬೆಳೆಗಾರನದ್ದಾಗಿ, ಪ್ರಮಾಣಪತ್ರದಿಂದ ಬರುವ ಕೀರ್ತಿ ಮಾತ್ರ ಮಾರಾಟಗಾರನಿಗೆ ಸಲ್ಲುತ್ತದೆ ಎಂಬುದು ಪ್ರಧಾನ ಆಕ್ಷೇಪ. ಒಂದು ದಿನದ ತಪಾಸಣೆಯಿಂದ ವರ್ಷವಿಡೀ ನಡೆಯುವ ಕೆಲಸದ ಸ್ವರೂಪ ತಿಳಿಯುವುದಿಲ್ಲ ಎಂಬುದು ಇನ್ನೊಂದು. ಹೆಚ್ಚುವರಿ ಬೆಲೆ, ದೀರ್ಘಾವಧಿಯ ಖರೀದಿ ಒಪ್ಪಂದ ಮತ್ತು ಸಹಕಾರ ಸಂಘಗಳ ಮೂಲಕ ಸಾಮೂಹಿಕ ದಾಖಲೆ ನಿರ್ವಹಣೆ ಇವು ಸಾಮಾನ್ಯವಾಗಿ ಸೂಚಿತವಾಗಿರುವ ಪರಿಹಾರಗಳು.

ಇವನ್ನೂ ನೋಡಿ

ಕಾಫಿ
ಅಡಿಕೆ
ಸಹಕಾರ ಚಳುವಳಿ
ಚಿಕ್ಕಮಗಳೂರು ಜಿಲ್ಲೆ