ಹೊಯ್ಸಳರ ಹೊನ್ನೋ? ಹೊಳೆಯುವ ಹಿತ್ತಾಳೆಯೋ?

ರಜೆಯಲ್ಲಿ ಮಕ್ಕಳೊಂದಿಗೆ ಅರಸೀಕೆರೆಯಲ್ಲಿ ರೈಲಿನಿಂದಿಳಿದು, ಬಸ್ಸು ಹಿಡಿದು ಹಳೇಬೀಡು, ಬೇಲೂರು ನೋಡಲು ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ದಾರಿಯಲ್ಲಿ ಅಪರಿಚಿತನೊಬ್ಬ ಮೆಲ್ಲಗೆ ಹೇಳುತ್ತಾನೆ: "ಅಕ್ಕಾ, ಮನೆಯ ಪಾಯ ತೋಡುವಾಗ ಹೊಯ್ಸಳರ ಕಾಲದ ಚಿನ್ನದ ನಾಣ್ಯ ಸಿಕ್ಕಿವೆ. ಅಂಗಡಿಗೆ ಒಯ್ಯಲು ಭಯ. ಅರ್ಧ ಬೆಲೆಗೆ ಕೊಡುತ್ತೇನೆ." ಪರೀಕ್ಷಿಸಲು ಒಂದನ್ನು ಕೊಡುತ್ತಾನೆ. ಅಕ್ಕಸಾಲಿಗ ಉಜ್ಜಿ ನೋಡಿದರೆ ಅಪ್ಪಟ ಚಿನ್ನ! ಮೋಸವಿರುವುದೇ ಅಲ್ಲಿ. ಮಗಳ ಮದುವೆಗೆಂದು ಕೂಡಿಟ್ಟ ಹಣ ಕೊಟ್ಟ ಮೇಲೆ ಕೈಸೇರುವ ಗಂಟಿನಲ್ಲಿ ಇರುವುದು ಬರೀ ಹಿತ್ತಾಳೆ. ಈ ಬಗೆಯ ವಂಚನೆಯ ದೂರುಗಳು ನಮ್ಮ ರಾಜ್ಯದ ಪೊಲೀಸ್ ಠಾಣೆಗಳಿಗೆ ಮತ್ತೆ ಮತ್ತೆ ಬಂದಿವೆ.

ಹಾಗಾದರೆ ಅಸಲಿ ಹೇಗಿರುತ್ತದೆ? ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದುಕೊಂಡ. 1117ರಲ್ಲಿ ಬೇಲೂರಿನ ದೇಗುಲದ ಪ್ರತಿಷ್ಠೆ ಮಾಡಿಸಿದವನೂ ಅವನೇ. ಅವನ ಚಿನ್ನದ ಗದ್ಯಾಣದ ಒಂದು ಮುಖದಲ್ಲಿ ಸಿಂಹವಿದೆ. ಇನ್ನೊಂದು ಮುಖದಲ್ಲಿ 'ಶ್ರೀ ತಳಕಾಡುಗೊಂಡ' ಎಂದು ಮೂರು ಸಾಲಿನಲ್ಲಿ ಕನ್ನಡ ಅಕ್ಷರಗಳಿವೆ. ತೂಕ ಸುಮಾರು 4 ಗ್ರಾಂ. ಇಷ್ಟು ಚಿಕ್ಕ ನಾಣ್ಯಕ್ಕೆ ಆ ಭಾರ ಬರುವುದು ಚಿನ್ನದಂಥ ಭಾರವಾದ ಲೋಹದಿಂದ ಮಾತ್ರ. ಅದೇ ಗಾತ್ರದ ಹಿತ್ತಾಳೆ ಅದರ ಅರ್ಧದಷ್ಟೂ ತೂಗದು. ಆದ್ದರಿಂದ ಅಕ್ಕಸಾಲಿಗನ ತಕ್ಕಡಿಯೇ ಮೊದಲ ಸಾಕ್ಷಿ. ಅಯಸ್ಕಾಂತವನ್ನು ನಂಬಬೇಡಿ, ಅದು ಹಿತ್ತಾಳೆಯನ್ನೂ ಸೆಳೆಯುವುದಿಲ್ಲ.

ಆಗಿನ ಕಾಲದಲ್ಲಿ ನಾಣ್ಯಗಳನ್ನು ಒಂದೊಂದಾಗಿ ಅಚ್ಚಿನಿಂದ ಬಡಿದು ಮಾಡುತ್ತಿದ್ದರು. ಅಚ್ಚಿನ ಚಿತ್ರ ಒಂದರಲ್ಲಿ ಮಧ್ಯಕ್ಕಿದ್ದರೆ, ಇನ್ನೊಂದರಲ್ಲಿ ಪಕ್ಕಕ್ಕೆ ಸರಿದಿರುತ್ತದೆ. ನಕಲಿಯನ್ನು ಸಾಮಾನ್ಯವಾಗಿ ಎರಕ ಹೊಯ್ಯುತ್ತಾರೆ. ಭೂತಗನ್ನಡಿಯಲ್ಲಿ ನೋಡಿ: ಅಕ್ಷರಗಳ ಅಂಚು ಮೊಂಡಾಗಿದೆಯೇ, ಮೈಮೇಲೆ ಸಣ್ಣ ಗುಳಿಗಳಿವೆಯೇ, ಅಂಚಿನ ಸುತ್ತ ಬೆಸುಗೆಯಂಥ ಗೆರೆ ಇದೆಯೇ? ಎರಡು ನಾಣ್ಯಗಳಲ್ಲಿ ಒಂದೇ ಗೀರು ಒಂದೇ ಜಾಗದಲ್ಲಿದ್ದರೆ ಮತ್ತೇನೂ ಕೇಳಬೇಕಿಲ್ಲ. ಗಂಟಿನ ಪ್ರತಿಯೊಂದು ನಾಣ್ಯವನ್ನೂ ನೋಡಬೇಕು, ಅವನು ಆರಿಸಿ ಕೊಟ್ಟದ್ದನ್ನಲ್ಲ.

ನಕಲಿಯ ಬೆಲೆ ಹಿತ್ತಾಳೆಯ ಬೆಲೆಯಷ್ಟೇ. ನೆನಪಿಗೆಂದು ಹತ್ತಿಪ್ಪತ್ತು ರೂಪಾಯಿಗೆ ಕೊಂಡರೆ ತಪ್ಪೇನಿಲ್ಲ. ಅಸಲಿಯ ಬೆಲೆಯೋ ಚಿನ್ನದ ಬೆಲೆಯನ್ನೂ ಮೀರಬಹುದು. ಅದು ನಾಣ್ಯದ ಅಪರೂಪ, ಅಕ್ಷರಗಳ ಸ್ಪಷ್ಟತೆಗಳನ್ನು ಅವಲಂಬಿಸಿದೆ. ಆದರೆ ನೆಲದಲ್ಲಿ ಸಿಕ್ಕ ನಿಧಿಯನ್ನು ಕಾನೂನಿನಂತೆ ಸರಕಾರಕ್ಕೆ ತಿಳಿಸಲೇಬೇಕು. ಆ ಮನುಷ್ಯ ಹೇಳಿದ್ದು ನಿಜವೇ ಆಗಿದ್ದರೂ ನೀವು ಕೊಳ್ಳುವಂತಿಲ್ಲ!

ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲೇ ಹಳೆಯ ನಾಣ್ಯವಿದ್ದರೆ? ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಕಿವಿಯೋಲೆಗೆಂದು ಕರಗಿಸಲೂ ಬೇಡಿ. ಮೊದಲು ನಾಣ್ಯ ಬಲ್ಲವರಿಗೆ ತೋರಿಸಿ.